ಸೂಜಿಯ ಲೆಕ್ಕ

(ಸಾಕ್ಷರತಾ ಕೇಂದ್ರದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು)

ಅವ್ವಂದಿರೇ, ಅಕ್ಕಂದಿರೇ, ತಂಗಿಯರೇ,



ಇವತ್ತು ಪಾಠದ ಪುಸ್ತಕ ತೆಗೆಯುವುದು ಬೇಡ. ಹೋದ ವಾರ ಹೇಳಿದ್ದೆನಲ್ಲ, ಅದರಂತೆ ನೀವೆಲ್ಲ ಮನೆಯಿಂದ ಕೌದಿ ತಂದಿದ್ದೀರಿ. ಕೆಲವರು ಕಸೂತಿ ಹಾಕಿದ ಸೀರೆ, ಕುಬಸ, ಕೂಸಿನ ಕುಂಚಿಗೆ ತಂದಿದ್ದೀರಿ. ಬಹಳ ಸಂತೋಷ. ನಾನೂ ಒಂದು ಕೌದಿ ತಂದಿದ್ದೇನೆ. ಮೊದಲು ನನ್ನದನ್ನೇ ಬಿಚ್ಚಿ ತೋರಿಸುತ್ತೇನೆ. ನೋಡಿ ನಗಬೇಡಿರಿ.

ಇದು ನಾನು ಹೊಲಿದ ಮೊದಲನೆಯ ಕೌದಿ. ನಡುವೆ ಬಿಳಿ ಬಟ್ಟೆ ಇದೆ. ಅದು ನಮ್ಮ ಅಪ್ಪನ ಧೋತರ. ಅದರ ತುಂಬ ಕೆಂಪು ಕಲೆ. ಇದು ಹೇಗೆ ಆಯಿತು? ಚೆಂದ ಕಾಣಲಿ ಎಂದು ನಾನು ಅಂಗಡಿಯಿಂದ ಹೊಸ ಕೆಂಪು ಬಟ್ಟೆ ತಂದೆ. ನೀರಿಗೆ ಹಾಕದೆ ಹಾಗೆಯೇ ಹೊಲಿದೆ. ಮೊದಲ ಸಲ ಒಗೆದಾಗ ಬಣ್ಣ ಬಿಟ್ಟಿತು. ಅಷ್ಟೇ ಅಲ್ಲ. ಹೊಸ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ. ಪಕ್ಕದ ಹಳೆಯ ಬಟ್ಟೆಯನ್ನು ಜಗ್ಗುತ್ತದೆ. ಹಳೆಯದು ಹರಿಯುತ್ತದೆ. ಇಲ್ಲಿ ಹರಿದಿದೆ ನೋಡ್ರಿ.

ಅಪ್ಪ ತೀರಿಕೊಂಡ ವರ್ಷ ಹೊಲಿದದ್ದು ಇದು. ಆ ಧೋತರ ಮತ್ತೆ ಸಿಗುವುದಿಲ್ಲ. ಆಗ ನಾನು ಶಿಕ್ಷಕಿಯ ತರಬೇತಿ ಮುಗಿಸಿ ಬಂದಿದ್ದೆ. ಆದರೆ ಹೊಸ ಬಟ್ಟೆಯನ್ನು ನೆನೆಹಾಕಿ, ಬಣ್ಣ ನೋಡಿ, ಆಮೇಲೆ ಕತ್ತರಿಸಬೇಕು ಎಂಬುದು ನನಗೆ ತಿಳಿದಿರಲಿಲ್ಲ. ಒಂದು ಅಕ್ಷರವೂ ಬಾರದ ನಮ್ಮ ಅಜ್ಜಿಗೆ ಅದು ತಿಳಿದಿತ್ತು.

ಅಜ್ಜಿ ಕೌದಿ ಹೊಲಿಯುವುದನ್ನು ಸಣ್ಣವಳಿದ್ದಾಗ ನೋಡಿದ್ದೇನೆ. ಸುಗ್ಗಿ ಮುಗಿಯಬೇಕು. ಹೊಲದಲ್ಲಿ ಕೆಲಸ ಕಡಿಮೆಯಾಗಬೇಕು. ಬಿಸಿಲು ಏರಬೇಕು. ಆಗ ಆಕೆ ಗಂಟು ಬಿಚ್ಚುತ್ತಿದ್ದಳು. ವರ್ಷವೆಲ್ಲ ಕೂಡಿಟ್ಟ ಹಳೆಯ ಸೀರೆ, ಧೋತರ, ಅಂಗಿ, ಲಂಗ ಎಲ್ಲ ಆ ಗಂಟಿನಲ್ಲಿ. ಪಡಸಾಲೆಯಲ್ಲಿ ಒಂದು ಹಳೆಯ ಸೀರೆ ಹಾಸುವುದು. ಅದು ಅಡಿ. ನಡುವೆ ತೀರಾ ಸವೆದ ಬಟ್ಟೆಗಳ ಪದರ. ಮೇಲೆ ಬಣ್ಣ ಬಣ್ಣದ ತುಂಡು. ಸೀರೆಯ ಗಟ್ಟಿ ದಡಿ ಇದ್ದರೆ ಅದು ಸುತ್ತಲೂ. ಅಂಚಿನಿಂದ ಹೊಲಿಗೆ ಶುರು. ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು. ಓಣಿಯ ನಾಲ್ಕು ಹೆಂಗಸರು ನಾಲ್ಕು ಕಡೆ ಕೂರುತ್ತಿದ್ದರು. ಕೈ ಹೊಲಿಯುತ್ತಿತ್ತು, ಬಾಯಿ ಊರ ಸುದ್ದಿ ಆಡುತ್ತಿತ್ತು. ಸೊಸೆಯರು ಅತ್ತೆಯರ ದೂರು ಹೇಳಿಕೊಳ್ಳುವ ಜಾಗವೂ ಅದೇ. (ಇಲ್ಲಿ ಕೂತ ಅತ್ತೆಯರು ಸಿಟ್ಟಾಗಬೇಡಿರಿ.)

ಕೊನೆಯ ಮೂಲೆ ಮುಚ್ಚುವ ಮುಂಚೆ ಅಜ್ಜಿ ಒಂದು ಚೂರು ರೊಟ್ಟಿ ಒಳಗೆ ಇಡುತ್ತಿದ್ದಳು. "ಯಾಕಬೇ ಅಜ್ಜಿ?" ಎಂದರೆ, "ಕೌದಿ ಹಸದಿರಬಾರದು" ಎನ್ನುತ್ತಿದ್ದಳು. ಇಲಿ ಬರುವುದಿಲ್ಲವೇ ಎಂದು ನಾನು ಕೇಳುತ್ತಿದ್ದೆ. ಬೈಸಿಕೊಳ್ಳುತ್ತಿದ್ದೆ.

ರಾತ್ರಿ ಆ ಕೌದಿಯೊಳಗೆ ಮಲಗಿದಾಗ ಅಜ್ಜಿ ತುಂಡು ಮುಟ್ಟಿ ಮುಟ್ಟಿ ಹೇಳುತ್ತಿದ್ದಳು. "ಇದು ನಿಮ್ಮಪ್ಪನ ಸಾಲಿ ಅಂಗಿ. ಇದು ನಿಮ್ಮ ಸೋದರತ್ತಿ ಮದುವಿ ಸೀರಿ. ಇದು ನಿನ್ನ ತೊಟ್ಟಿಲದ ಬಟ್ಟಿ." ಕತ್ತಲಲ್ಲಿ ಬೆರಳಿನಿಂದಲೇ ಓದುತ್ತಿದ್ದಳು. ಆ ಕೌದಿ ಈಗ ನಮ್ಮ ಅಣ್ಣನ ಮನೆಯಲ್ಲಿದೆ. ಯಾವ ತುಂಡು ಯಾರದು ಎಂದು ಈಗ ಯಾರಿಗೂ ಪೂರ್ತಿ ಗೊತ್ತಿಲ್ಲ. ಅಜ್ಜಿ ಹೇಳುವಾಗ ನಾನು ಬರೆದಿಡಲಿಲ್ಲ.

ಕೌದಿ ನಮ್ಮ ಧಾರವಾಡ ಕಡೆಗೆ ಮಾತ್ರ ಇಲ್ಲ. ಪಶ್ಚಿಮಕ್ಕೆ ಹೋದರೆ ಕಾಡು ಬರುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ. ಅಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು. ಸಿದ್ದಿ ಹೆಂಗಸರೂ ಹಳೆಯ ಬಟ್ಟೆಯಲ್ಲಿ ಕೌದಿ ಹೊಲಿಯುತ್ತಾರೆ. ಅದಕ್ಕೆ ಕವಂದಿ ಎನ್ನುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಮುಕ್ಕೋನಿ ತುಂಡು ಇಡುತ್ತಾರೆ. ಅದು ಹೂವು ಇದ್ದಂತೆ. ಆ ಹೂವು ಇಲ್ಲದ ಕವಂದಿ ಬತ್ತಲೆ ಎಂದು ಅವರ ಮಾತು. ಈ ಕವಂದಿಗಳು ಎಲ್ಲಿಗೆ ಹೋದವು ಗೊತ್ತೇ? 2011ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಷೋಂಬರ್ಗ್ ಕೇಂದ್ರ ಎಂಬಲ್ಲಿ ಪ್ರದರ್ಶನಕ್ಕೆ ಇಟ್ಟರು. ಜನ ಗೋಡೆಯ ಮೇಲಿನ ಚಿತ್ರ ನೋಡಿದಂತೆ ನಿಂತು ನೋಡಿದರು. ನಾವು ಇಲ್ಲಿ ಕೌದಿಯನ್ನು ಅಟ್ಟದ ಮೇಲೆ ಎಸೆದು, ಪೇಟೆಯ ಹೊದಿಕೆ ಕೊಳ್ಳುತ್ತೇವೆ. ಕೊಳ್ಳಬಾರದು ಎನ್ನುವುದಿಲ್ಲ. ನಮ್ಮ ಮನೆಯಲ್ಲೂ ಎರಡು ಇವೆ.

ಈಗ ಕಸೂತಿಗೆ ಬರೋಣ. ಕೌದಿ ಹಳೆಯ ಬಟ್ಟೆಯ ಕೆಲಸ, ಕಸೂತಿ ಹೊಸ ಸೀರೆಯ ಕೆಲಸ. ಇಳಕಲ್ ಸೀರೆಯ ಮೇಲೆ, ಕಪ್ಪು ಚಂದ್ರಕಾಳಿ ಸೀರೆಯ ಮೇಲೆ, ಕೂಸಿನ ಕುಂಚಿಗೆಯ ಮೇಲೆ ಹಾಕುತ್ತಾರೆ. ಗೋಪುರ, ತೇರು, ತುಳಸಿ ಕಟ್ಟೆ, ಅಂಬಾರಿ ಆನೆ, ನವಿಲು. ಹೊಲಿಗೆ ನಾಲ್ಕು ಬಗೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ.

ಕಸೂತಿಯ ವಿಶೇಷ ಏನು? ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ ನೋಡ್ರಿ. ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡಬೇಕು. ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ತಿರುಗಿ ಬರಬೇಕು. ಬಿಟ್ಟ ಜಾಗ ತುಂಬುತ್ತ ಬರಬೇಕು. ಆಗ ಸೀರೆಯ ಒಳಗೂ ಹೊರಗೂ ಒಂದೇ ಚಿತ್ರ. ಮುರಗಿಗೂ ಹಾಗೆಯೇ. ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಅಂಬಾರಿಗೆ ಹೋಗಿ ಕೂಡುತ್ತದೆ. ನನ್ನ ಆನೆ ಎರಡು ಸಲ ಹಾಗೆಯೇ ಆಗಿದೆ.

ನೀವು ಈ ಕೇಂದ್ರಕ್ಕೆ ಬಂದ ಮೊದಲ ದಿನ ಏನು ಹೇಳಿದಿರಿ, ನೆನಪಿದೆಯೇ? "ನಮಗ ಲೆಕ್ಕ ಬರಾಂಗಿಲ್ರಿ ಅಕ್ಕೋರ" ಎಂದಿರಿ. ನಾನೂ ನಂಬಿದೆ. ಆಮೇಲೆ ನಿಮ್ಮ ಕಸೂತಿ ನೋಡಿದೆ. ನಾಲ್ಕು ಎಳೆ ಬಿಟ್ಟು ನಾಲ್ಕು ಎಳೆ, ನೂರಾರು ಸಲ, ತಪ್ಪಿಲ್ಲದೆ. ಲೆಕ್ಕ ನಿಮಗೆ ಬರುತ್ತದೆ. ಕಾಗದದ ಮೇಲೆ ಇಡುವುದು ಮಾತ್ರ ಬರುತ್ತಿರಲಿಲ್ಲ. ಕಾಗದದ ಮೇಲೆ ಇಡದಿದ್ದರೆ ಏನಾಗುತ್ತದೆ, ಅದನ್ನು ಈಗ ಹೇಳುತ್ತೇನೆ.

ನಮ್ಮ ಕೇಂದ್ರದ ಒಬ್ಬ ಅಕ್ಕನ ಕತೆ ಇದು. ಆಕೆ ಇಲ್ಲಿಯೇ ಕೂತಿದ್ದಾಳೆ. "ಹೇಳಲೇ?" ಎಂದು ಕೇಳಿದೆ. "ಹೇಳ್ರಿ, ಹೆಸರು ಮಾತ್ರ ಬ್ಯಾಡ" ಎಂದಳು.

ಆಕೆ ಒಬ್ಬ ವ್ಯಾಪಾರಿಗೆ ಕಸೂತಿ ಹಾಕಿ ಕೊಡುತ್ತಿದ್ದಳು. ಒಂದು ಆನೆಗೆ 20 ರೂಪಾಯಿ ಎಂದು ಮಾತು. ಸೀರೆ ಒಂದೊಂದಾಗಿ ಒಯ್ಯುತ್ತಿದ್ದರು. ಹಣ ಹಬ್ಬಕ್ಕೆ ಒಟ್ಟಿಗೆ ಕೊಡುತ್ತೇವೆ ಎಂದಿದ್ದರು. ಆಕೆ ಒಂದು ಆನೆ ಮುಗಿದರೆ ಅಡಿಗೆ ಮನೆಯ ಗೋಡೆಗೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ಐದು ಸೀರೆ ಮುಗಿದವು. ಗೋಡೆಯ ಮೇಲೆ 86 ಗೆರೆ.

ದಸರೆ ಬಂತು. ಮಗ ಮನೆಗೆ ಸುಣ್ಣ ಬಳಿದ. ಅವ್ವನಿಗೆ ಕೆಲಸ ಹಗುರಾಗಲಿ ಎಂದು ಅಡಿಗೆ ಮನೆಗೂ ಬಳಿದ. ಗೆರೆ ಹೋದವು.

ವ್ಯಾಪಾರಿ 64 ಆನೆಗೆ ಹಣ ಕೊಟ್ಟ. "86 ಅದಾವ್ರಿ" ಎಂದಳು ಈಕೆ. "ಪುಸ್ತಕದಾಗ 64 ಬರದೈತಿ. ನಿನ್ನ ಹೆಬ್ಬೆಟ್ಟೂ ಐತಿ ನೋಡು" ಎಂದ. ಹೆಬ್ಬೆಟ್ಟು ಆಕೆಯದೇ. ಪ್ರತಿ ಸೀರೆ ಕೊಡುವಾಗ ಒತ್ತಿದ್ದಳು. ಅಲ್ಲಿ ಏನು ಬರೆದಿತ್ತು ಎಂದು ಆಕೆಗೆ ಹೇಗೆ ಗೊತ್ತಾಗಬೇಕು? ಸೀರೆಗಳು ಎಲ್ಲಿಯೋ ಹೋಗಿದ್ದವು. ಮತ್ತೆ ಎಣಿಸಿ ತೋರಿಸಲು ಆಗಲಿಲ್ಲ.

86ರಲ್ಲಿ 64 ಕಳೆಯಿರಿ. ಎಷ್ಟು? 22. ಇಪ್ಪತ್ತೆರಡು ಇಪ್ಪತ್ತಲೆ 440. ನಾನೂರ ನಲವತ್ತು ರೂಪಾಯಿ ಹೋಯಿತು. ಮಗಳ ಶಾಲೆಯ ಬಟ್ಟೆಗೆ ಇಟ್ಟುಕೊಂಡಿದ್ದ ಹಣ ಅದು.

ಒಂದು ಮಾತು ನಾನು ಮುಚ್ಚಿಡಬಾರದು. ಆ ಗೋಡೆಯ ಗೆರೆಗಳನ್ನು ನಾನು ನೋಡಿದ್ದೆ. ಸಕ್ಕರೆ ಇಸಿದುಕೊಳ್ಳಲು ಹೋದಾಗ ನೋಡಿ, "ಏನು ಚೆಂದ ಲೆಕ್ಕ ಇಟ್ಟಿದ್ದೀ!" ಎಂದು ಹೊಗಳಿ ಬಂದಿದ್ದೆ. ನನ್ನ ಚೀಲದಲ್ಲಿ ಪೆನ್ನು ಇತ್ತು, ಹಾಳೆ ಇತ್ತು. ಎರಡು ನಿಮಿಷದ ಕೆಲಸ. ಬರೆದುಕೊಡಲಿಲ್ಲ. ಆಕೆ ಯಾವತ್ತೂ ಇದನ್ನು ಎತ್ತಿ ಆಡಿಲ್ಲ. ಅದಕ್ಕೇ ನನಗೆ ಇನ್ನೂ ಚುಚ್ಚುತ್ತದೆ.

ಕಸೂತಿಗೆ 2005-06ರ ಸಾಲಿನಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಇದು ಈ ನೆಲದ ಕಲೆ, ಬೇರೆಯವರು ಈ ಹೆಸರು ಹಾಕಿ ಮಾರುವಂತಿಲ್ಲ ಎಂದು ಕಾನೂನಿನ ಮುದ್ರೆ. ಸಂಡೂರಿನ ಲಂಬಾಣಿ ಕಸೂತಿಗೂ ಆಮೇಲೆ ಸಿಕ್ಕಿತು. ಒಳ್ಳೆಯದೇ ಆಯಿತು. ಕಲೆಗೆ ಗುರುತು ಸಿಕ್ಕಿತು. ನಮ್ಮ ಅಕ್ಕನ 22 ಆನೆಗೆ ಸಿಗಲಿಲ್ಲ.

ಈಗ ಕೌದಿಯ ಲೆಕ್ಕ ಒಂದು ಮಾಡೋಣ. ನನ್ನ ಎರಡನೆಯ ಕೌದಿ ಇದು. ಕಲೆ ಇಲ್ಲ ನೋಡ್ರಿ. ಪೇಟೆಯಿಂದ ಬಂದ ಒಬ್ಬರು ಇದನ್ನು ನೋಡಿ 600 ರೂಪಾಯಿಗೆ ಕೇಳಿದರು. ಹಳೆಯ ಬಟ್ಟೆ ತಾನೇ, 600 ಬಹಳವಾಯಿತು ಎಂದು ನನಗೂ ಅನಿಸಿತು. ರಾತ್ರಿ ಕೂತು ಲೆಕ್ಕ ಹಾಕಿದೆ. ದಿನಕ್ಕೆ 2 ತಾಸಿನಂತೆ 40 ದಿನ ಹೊಲಿದಿದ್ದೆ. ಒಟ್ಟು 80 ತಾಸು. ದಿನಕ್ಕೆ 8 ತಾಸು ಕೂಲಿ ಎಂದರೆ 10 ದಿನದ ಕೆಲಸ. ಉದ್ಯೋಗ ಖಾತರಿ ಕೆಲಸಕ್ಕೆ 2024-25ರಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ ಕೂಲಿ ಇತ್ತು. 10 ದಿನಕ್ಕೆ 3,490. ದಾರದ ಖರ್ಚು ಬೇರೆ. 600 ಎಲ್ಲಿ, 3,490 ಎಲ್ಲಿ? ನಾನು ಕೊಡಲಿಲ್ಲ. ಅವರೂ ಮತ್ತೆ ಬರಲಿಲ್ಲ. ಅಷ್ಟು ಹಣ ಕೊಡುವವರು ಸುಲಭವಾಗಿ ಸಿಗುವುದಿಲ್ಲ ಎಂಬುದೂ ನಿಜ. ಕೊಡುವುದು ಬಿಡುವುದು ನಿಮ್ಮ ಇಷ್ಟ. ಕಡಿಮೆಗೆ ಕೊಟ್ಟರೂ ಎಷ್ಟು ಕಡಿಮೆ ಎಂದು ತಿಳಿದು ಕೊಡಿರಿ.

ಈಗ ಬೋರ್ಡಿನ ಮೇಲೆ ಬರೆಯುತ್ತೇನೆ. ಎಲ್ಲರೂ ಓದಿರಿ. ನಿಮ್ಮ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳಿರಿ.

ಕೆಲಸ ಕೊಟ್ಟವರ ಹೆಸರು:
ಸೀರೆ ಬಂದ ದಿನ:
ಮಾತಾಡಿದ ದರ:
ಹಾಕಿದ ಚಿತ್ರ ಎಷ್ಟು:
ಸೀರೆ ಕೊಟ್ಟ ದಿನ:
ಬಂದ ಹಣ:
ಅವರ ಸಹಿ:

ಕೊನೆಯದನ್ನು ಮರೆಯಬೇಡಿರಿ. ನಾವು ಅವರ ಪುಸ್ತಕದಲ್ಲಿ ಸಹಿ ಮಾಡಿದರೆ ಅವರು ನಮ್ಮ ಪುಸ್ತಕದಲ್ಲಿ ಮಾಡಲಿ. "ನಂಬಿಕಿ ಇಲ್ಲೇನು?" ಎಂದು ಕೇಳುತ್ತಾರೆ. ಕೇಳಲಿ. "ನನ್ನ ಹೆಬ್ಬೆಟ್ಟು ಯಾಕ ತಗೊಂಡ್ರಿ?" ಎಂದು ನೀವೂ ಕೇಳಿರಿ. ಒಬ್ಬಳೇ ಕೇಳಲು ಅಂಜಿಕೆ ಎನಿಸಿದರೆ ನಾಲ್ವರು ಕೂಡಿ ಹೋಗಿರಿ. ನಾನೂ ಬರುತ್ತೇನೆ.

ಇನ್ನೊಂದು. ರಾತ್ರಿ ಸಣ್ಣ ಬೆಳಕಿನಲ್ಲಿ ಎಳೆ ಎಣಿಸಬೇಡಿರಿ. ಹಗಲು ಬಾಗಿಲ ಹತ್ತಿರ ಕೂತು ಮಾಡಿರಿ. ಕಣ್ಣು ಮಂಜಾದವರು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿರಿ.

ಆ ಅಕ್ಕನ ಮಾತು ಇನ್ನೂ ಸ್ವಲ್ಪ ಇದೆ. ಹೋದ ತಿಂಗಳು ಆಕೆಯ ಮಗಳಿಗೆ ಕೂಸು ಹುಟ್ಟಿತು. ಆಕೆ ಕುಂಚಿಗೆ ಹೊಲಿಯುತ್ತಿದ್ದಾಳೆ. ಅಂಚಿನಲ್ಲಿ ಆನೆ ಸಾಲು. ಮೂಲೆಯಲ್ಲಿ ತನ್ನ ಹೆಸರು ಹಾಕಬೇಕು ಎಂದು ಆಸೆ. ಹೆಸರು ಹೇಳಬೇಡಿ ಎಂದವಳು ಇದೇ ಅಕ್ಕ ನೋಡ್ರಿ! ಆದರೆ ಒಂದು ತೊಡಕು ಬಂದಿದೆ. ಗವಂತಿ ನೆಟ್ಟಗೆ ಹೋಗುತ್ತದೆ, ಅಡ್ಡ ಹೋಗುತ್ತದೆ, ಓರೆ ಹೋಗುತ್ತದೆ. ದುಂಡಗೆ ಹೋಗುವುದಿಲ್ಲ. ನಮ್ಮ ಕನ್ನಡ ಅಕ್ಷರಗಳೋ ಎಲ್ಲ ದುಂಡು. ಚೌಕ ಗೆರೆಯ ಹಾಳೆಯ ಮೇಲೆ ನಾವಿಬ್ಬರೂ ಮೂರು ಸಂಜೆ ಕೂತೆವು. ಮೊದಲ ಅಕ್ಷರ ಗೋಪುರದ ಹಾಗೆ ಬಂದಿದೆ. ಎರಡನೆಯದು ಪರವಾಗಿಲ್ಲ. ಮೂರನೆಯದಕ್ಕೆ ಒತ್ತಕ್ಷರ ಇದೆ. ಅದು ಇನ್ನೂ ಬಗ್ಗುತ್ತಿಲ್ಲ.

ಕುಂಚಿಗೆ ಇಲ್ಲಿದೆ. ಕೈಯಿಂದ ಕೈಗೆ ಕೊಡಿರಿ. ಆ ಒತ್ತು ಹೇಗೆ ಹಾಕಬೇಕು ಎಂದು ಯಾರಿಗಾದರೂ ಹೊಳೆದರೆ ಹೇಳಿರಿ.