ನ್ಯಾಯಪಕ್ಷಪಾತಿ ಕರ್ಪಾಲ್ ಸಿಂಗ್



ಪ್ರಜಾಪ್ರಭುತ್ವದಲ್ಲಿ ಬಹುಜನರ ಅಭಿಪ್ರಾಯದಂತೆ ರಾಜ್ಯವು ನಡೆಯತಕ್ಕುದು ಸರಿಯೇ. ಆದರೆ ಸಂಖ್ಯಾಬಲವಿಲ್ಲದವರಿಗೆ ಗತಿ ಯಾವುದು? ಅವರಿಗೆ ಉಳಿದಿರುವ ಆಶ್ರಯವು ನಿರ್ಭೀತವಾದ ನ್ಯಾಯಸ್ಥಾನವೊಂದೇ. ಈ ತತ್ತ್ವವನ್ನು ಜೀವಮಾನವೆಲ್ಲ ಎತ್ತಿಹಿಡಿದವರು ಮಲೇಶಿಯಾದ ಕೀರ್ತಿಶೇಷ ಕರ್ಪಾಲ್ ಸಿಂಗರು.

ಇವರು 1940ನೆಯ ಇಸವಿ ಜೂನ್ 28ರಂದು ಪಿನಾಂಗಿನಲ್ಲಿ, ಪಂಜಾಬಿನಿಂದ ವಲಸೆಹೋಗಿದ್ದ ಬಡ ಸಿಖ್ ಮನೆತನದಲ್ಲಿ ಜನಿಸಿದರು. ಸಿಂಗಪುರದಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗಮಾಡಿ 1969ರಲ್ಲಿ ವಕೀಲರಾದರು; ಮರುವರ್ಷವೇ ಡೆಮೊಕ್ರಾಟಿಕ್ ಆಕ್ಷನ್ ಪಕ್ಷವನ್ನು ಸೇರಿದರು. 1978ರಿಂದ 1999ರ ವರೆಗೆ ಜೆಲುಟಾಂಗ್ ಕ್ಷೇತ್ರದ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿದ್ದ ಇವರನ್ನು ಜನರು ‘ಜೆಲುಟಾಂಗಿನ ಹುಲಿ’ ಎಂದು ಕರೆದರು.

ಮಲೇಶಿಯಾದ ಸಂವಿಧಾನದ 3ನೆಯ ಅನುಚ್ಛೇದವು ಇಸ್ಲಾಮನ್ನು ರಾಜ್ಯದ ಧರ್ಮವೆಂದು ಹೇಳಿ, ಇತರ ಧರ್ಮಗಳ ಶಾಂತವಾದ ಆಚರಣೆಗೂ ಅವಕಾಶವನ್ನಿತ್ತಿರುವುದು. ಇಷ್ಟರಿಂದಲೇ ಆ ದೇಶವು ಇಸ್ಲಾಮೀ ರಾಜ್ಯವಾಗದೆಂಬುದು ಕರ್ಪಾಲರ ದೃಢವಾದ ವಾದ. ಮಿತ್ರಪಕ್ಷದವರೇ ಅಂತಹ ರಾಜ್ಯವನ್ನು ಬಯಸಿದಾಗಲೂ ಅವರು ದಾಕ್ಷಿಣ್ಯಕ್ಕೊಳಗಾಗಲಿಲ್ಲ. ಆದರೂ ಅವರಲ್ಲಿ ಮತದ್ವೇಷವಿರಲಿಲ್ಲ. ಮುಸಲ್ಮಾನ ನಾಯಕರಾದ ಅನ್ವರ್ ಇಬ್ರಾಹೀಮರು ಆಪಾದಿತರಾಗಿ ನಿಂತಾಗ ಅವರ ಪರವಾಗಿ ವಾದಿಸಿದವರಲ್ಲಿ ಇವರೂ ಒಬ್ಬರು.

1987ರ ಅಕ್ಟೋಬರಿನಲ್ಲಿ ಸರಕಾರವು ನೂರಕ್ಕೂ ಹೆಚ್ಚು ಜನರನ್ನು ವಿಚಾರಣೆಯಿಲ್ಲದೆ ಬಂಧಿಸಿತು. ಕರ್ಪಾಲರೂ ಬಂಧಿತರಾದರು. 1988ರ ಮಾರ್ಚಿಯಲ್ಲಿ ಇಪೋ ನಗರದ ಹೈಕೋರ್ಟು ಅವರನ್ನು ಬಿಡಿಸಿತು. ಆದರೆ ಅದೇ ದಿನ ಅವರನ್ನು ಪುನಃ ಸೆರೆಹಿಡಿಯಲಾಯಿತು. ನ್ಯಾಯಾಧೀಶರ ಆಜ್ಞೆಗೆ ಬೆಲೆಯಿಲ್ಲದಿದ್ದರೆ ಪ್ರಜೆಯ ಸ್ವಾತಂತ್ರ್ಯವು ಎಷ್ಟು ಗಳಿಗೆಯದೆಂಬುದು ಅಂದು ಎಲ್ಲರಿಗೂ ವಿದಿತವಾಯಿತು. ಅದೇ ವರ್ಷ ನ್ಯಾಯಾಂಗದ ಅಧಿಕಾರವು ಹೈಕೋರ್ಟುಗಳಲ್ಲಿ ನೆಲೆಸಿದೆಯೆಂಬ ಮಾತನ್ನೇ ಸಂವಿಧಾನದಿಂದ ತೆಗೆದುಹಾಕಲಾಯಿತು. ಶರಿಯತ್ ನ್ಯಾಯಾಲಯಗಳಿಗೆ ಸೇರಿದ ವಿಷಯಗಳಲ್ಲಿ ಹೈಕೋರ್ಟುಗಳು ಕೈಹಾಕಕೂಡದೆಂಬ ನಿಬಂಧನೆಯೂ ಸೇರಿತು. ಪ್ರಧಾನ ನ್ಯಾಯಾಧೀಶರಾಗಿದ್ದ ಸಾಲೆಹ್ ಅಬ್ಬಾಸರು ಪದಚ್ಯುತರಾದರು. ಮತಾಂತರದ ವ್ಯಾಜ್ಯಗಳಲ್ಲಿ ಸಿಕ್ಕಿದ ಹಿಂದೂ, ಬೌದ್ಧ ಸಂಸಾರಗಳು ಯಾವ ಬಾಗಿಲನ್ನು ತಟ್ಟಬೇಕೆಂದು ತಿಳಿಯದೆ ತೊಳಲಿದುದು ಆ ನಿಬಂಧನೆಯ ಫಲವೇ. ನ್ಯಾಯಸ್ಥಾನದ ಗೋಡೆ ಬಿರಿದರೆ ಮಳೆಯು ಮೊದಲು ಬೀಳುವುದು ಅಲ್ಪಸಂಖ್ಯಾತರ ತಲೆಯ ಮೇಲೆ.

1989ರಲ್ಲಿ ಬಿಡುಗಡೆಹೊಂದಿದ ಕರ್ಪಾಲರು ತಮ್ಮ ಮಾರ್ಗವನ್ನು ಬಿಡಲಿಲ್ಲ. 2005ರ ವಾಹನಾಪಘಾತದಿಂದ ಅಂಗಗಳು ಸ್ವಾಧೀನ ತಪ್ಪಿದ ಮೇಲೂ ಗಾಲಿಕುರ್ಚಿಯಲ್ಲಿ ಕುಳಿತೇ ನ್ಯಾಯಾಲಯಕ್ಕೆ ಬರುತ್ತಿದ್ದರು. 2009ರಲ್ಲಿ ಪೆರಾಕಿನ ಸುಲ್ತಾನರ ಕ್ರಮವೊಂದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೆಂದು ಹೇಳಿದುದಕ್ಕಾಗಿ ಅವರ ಮೇಲೆ ರಾಜದ್ರೋಹದ ಆಪಾದನೆ ಬಂದಿತು. ಅವರು ದಂಗೆಗೆ ಕರೆಕೊಟ್ಟವರಲ್ಲ. ಕಾಯಿದೆಯ ಬಾಗಿಲನ್ನು ತೋರಿಸಿದವರು. 2014ರ ಮಾರ್ಚಿಯಲ್ಲಿ 4,000 ರಿಂಗಿಟ್ ದಂಡ ವಿಧಿಸಲ್ಪಟ್ಟಿತು. ಅಪೀಲು ತೀರುವ ಮುನ್ನವೇ, ಏಪ್ರಿಲ್ 17ರಂದು, ಇನ್ನೊಂದು ವಾಹನಾಪಘಾತದಲ್ಲಿ ಅವರು ದಿವಂಗತರಾದರು. 2019ರ ಮಾರ್ಚಿ 29ರಂದು ಆ ದೇಶದ ಅತ್ಯುಚ್ಚ ನ್ಯಾಯಾಲಯವು ಅವರನ್ನು ನಿರಪರಾಧಿಯೆಂದು ಘೋಷಿಸಿತು.

ತೀರ್ಪನ್ನು ಕೇಳಲು ಅವರಿರಲಿಲ್ಲ. ಆದರೆ ಅವರು ನಂಬಿದ್ದ ಸಂಸ್ಥೆಯು ತಡವಾಗಿಯಾದರೂ ಅವರ ನಂಬಿಕೆಯನ್ನು ಉಳಿಸಿತು. ಸಭ್ಯರೇ, ಒಂದೂರಿನಲ್ಲಿ ಬಹುಸಂಖ್ಯಾತನಾದವನು ಇನ್ನೊಂದೂರಿನಲ್ಲಿ ಅಲ್ಪಸಂಖ್ಯಾತನು. ಆದುದರಿಂದ ಇಂತಹವರ ಸ್ಮರಣೆಯು ಒಂದು ದೇಶದ ಸೊತ್ತಲ್ಲ. ನ್ಯಾಯವನ್ನು ಬಯಸುವ ಸಮಸ್ತರ ಕರ್ತವ್ಯವು.