ಎಳೆಯ ಕೈಗೆ ತಂತಿವಾದ್ಯ



ಸಂಗೀತದಲ್ಲಿ ಪದವಿ ಪಡೆದು ಹೊರಡುವವರ ಪೈಕಿ ಕಛೇರಿ ವಿದ್ವಾಂಸರಾಗಿ ಹೆಸರು ಮಾಡುವವರು ಕೆಲವರಾದರೆ ಮಕ್ಕಳಿಗೆ ಪಾಠ ಹೇಳುವವರು ಬಹುಮಂದಿ. ವೇದಿಕೆಯಲ್ಲಿ ನುಡಿಸುವವರು ಕೂಡ ವಾರದ ಕೆಲವು ಸಂಜೆಗಳನ್ನು ಐದಾರು ವರ್ಷದ ಮಕ್ಕಳ ಎದುರು ಕಳೆಯುವುದುಂಟು. ಹೀಗಿದ್ದರೂ ರಾಗಲಕ್ಷಣಕ್ಕೂ ತಾಳಪ್ರಸ್ತಾರಕ್ಕೂ ಪಠ್ಯಕ್ರಮದಲ್ಲಿ ದೊರೆಯುವ ಗೌರವ, ಮಗುವಿನ ಕೈಗೆ ಮೊದಲ ಬಾರಿ ಕಮಾನು ಕೊಡುವ ವಿದ್ಯೆಗೆ ದೊರೆಯುವುದು ಅಪರೂಪ. ಪಿಟೀಲನ್ನೋ ವೀಣೆಯನ್ನೋ ಕಲಿಯಲು ತೊಡಗಿ ವರ್ಷ ತುಂಬುವುದರೊಳಗೆ ಕೈಬಿಡುವ ಮಕ್ಕಳಲ್ಲಿ ಹೆಚ್ಚಿನವರಿಗೆ ಸಂಗೀತದ ಮೇಲೆ ಬೇಸರವೇನೂ ಇರುವುದಿಲ್ಲ. ತಮ್ಮದೇ ಕೈಯಿಂದ ಒಂದು ಒಳ್ಳೆಯ ನಾದ ಹೊರಟದ್ದನ್ನು ಒಮ್ಮೆಯೂ ಕೇಳದೆ ಅವರು ಹೊರಟುಹೋಗಿರುತ್ತಾರೆ. ವರ್ಷಗಟ್ಟಲೆ ಸಾಧನೆ ಮಾಡಿದವರಿಗೆ ಕೊನೆಯಲ್ಲಿ ಸಲ್ಲುವ ಸಂಭಾವನೆಯೆಂದು ಆನಂದವನ್ನು ಎತ್ತಿಡುವ ಪಾಠಕ್ರಮ ಎಳೆಯ ಮಕ್ಕಳಿಗೆ ಹೊಂದುವುದಿಲ್ಲ. ಮೊದಲ ಪಾಠದ ಮೊದಲ ನಾದದಲ್ಲೇ ಅದು ಇರಬೇಕು, ಇರುವಂತೆ ಮಾಡುವುದು ಗುರುವಿನ ಹೊಣೆ, ಮತ್ತು ಆ ಹೊಣೆಯನ್ನು ನೆರವೇರಿಸಲು ಪ್ರೀತಿಯ ಜೊತೆಗೆ ಶಾಸ್ತ್ರಜ್ಞಾನವೂ ಬೇಕು.

ತಂತಿವಾದ್ಯದ ಕಷ್ಟ ಎಲ್ಲಿದೆ ಎಂಬುದನ್ನು ತಿಳಿಯದೆ ಆ ಕಷ್ಟವನ್ನು ಹಗುರ ಮಾಡಲು ಬಾರದು. ಕೀಬೋರ್ಡಿನ ಕೀಯನ್ನು ಯಾರು ಒತ್ತಿದರೂ ಸ್ವರ ನೆಟ್ಟಗೆ ಹೊರಡುತ್ತದೆ; ಪಿಟೀಲಿನಲ್ಲಿ ಸ್ವರವನ್ನು ಪ್ರತಿ ಕ್ಷಣವೂ ಕೈಯೇ ಹುಟ್ಟಿಸಬೇಕು. ಕಮಾನಿಗೆ ಕಟ್ಟಿದ ಕುದುರೆಬಾಲದ ಕೂದಲು, ಅದಕ್ಕೆ ಸವರಿದ ರಾಳದ ಹಿಡಿತದಿಂದ, ತಂತಿಯನ್ನು ತುಸು ದೂರ ಸೆಳೆಯುತ್ತದೆ. ಬಿಗಿ ಹೆಚ್ಚಾದೊಡನೆ ತಂತಿ ಜಾರಿ ಹಿಂದಕ್ಕೆ ಚಿಮ್ಮುತ್ತದೆ, ಮರುಕ್ಷಣವೇ ಮತ್ತೆ ಹಿಡಿತಕ್ಕೆ ಸಿಗುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಹಿಡಿ-ಬಿಡು ಚಲನೆಯನ್ನು 19ನೇ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ವಿವರಿಸಿದರು, ಅದಕ್ಕೆ ಅವರ ಹೆಸರೇ ನಿಂತಿದೆ. ಒತ್ತಡ ಹೆಚ್ಚಾದರೆ ತಂತಿ ಸಕಾಲಕ್ಕೆ ಜಾರದೆ ಕಿರ್ರೆನ್ನುತ್ತದೆ, ಕಡಿಮೆಯಾದರೆ ಸಿಳ್ಳೆಯಂಥ ಪೊಳ್ಳು ದನಿ ಏಳುತ್ತದೆ, ಕಮಾನು ಕುದುರೆಯಿಂದ, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡಿನಿಂದ, ದೂರ ಸರಿದಂತೆಲ್ಲ ಈ ಲೆಕ್ಕವೂ ಬದಲಾಗುತ್ತದೆ. ಆದ್ದರಿಂದ ಮಗುವಿನ ಕೈಯಲ್ಲಿ ಪಿಟೀಲು ಕಿರ್ರೆಂದಾಗ ಮಗುವಿಗೆ ಸ್ವರಜ್ಞಾನವಿಲ್ಲವೆಂದು ತೀರ್ಮಾನಿಸುವುದು ಅನ್ಯಾಯ. ಕೆಟ್ಟಿರುವುದು ತೂಕ, ವೇಗ, ಜಾಗ ಈ ಮೂರರ ಹೊಂದಿಕೆ, ಮತ್ತು ಅದನ್ನು ಸರಿಪಡಿಸಬೇಕಾದವರು ಎದುರಿಗೆ ಕುಳಿತವರು.

ಈ ಹೊಂದಿಕೆ ಕೆಡುವುದರ ಮೂಲ ಹಲವು ಸಲ ಬಲಗೈಯ ಹೆಬ್ಬೆರಳಿನಲ್ಲಿರುತ್ತದೆ. ಐದು ವರ್ಷದ ಮಗು ಕಮಾನಿನ ಬುಡವನ್ನು ಹಿಡಿದಾಗ ಕೋಲಿನ ಉದ್ದವೆಲ್ಲ ಕೈಯಿಂದ ಆಚೆ ಚಾಚಿಕೊಂಡಿರುವುದರಿಂದ ತುದಿ ಕೆಳಗೆ ಬಾಗತೊಡಗುತ್ತದೆ. ಅದು ಬೀಳದಂತೆ ತಡೆಯಲು ಹೆಬ್ಬೆರಳು ಸೆಟೆದುಕೊಳ್ಳುತ್ತದೆ, ಹೆಬ್ಬೆರಳಿನ ಹಿಂದೆ ಮಣಿಕಟ್ಟು, ಮಣಿಕಟ್ಟಿನ ಹಿಂದೆ ಮೊಣಕೈ ಬಿಗಿಯುತ್ತವೆ, ಭುಜ ಕಿವಿಯತ್ತ ಏರುತ್ತದೆ, ಮಗು ತುಟಿ ಕಚ್ಚಿಕೊಳ್ಳುತ್ತದೆ, ಉಸಿರೂ ಅರ್ಧದಲ್ಲಿ ನಿಲ್ಲುತ್ತದೆ. ಆ ಸ್ಥಿತಿಯಲ್ಲಿರುವ ಮಗುವಿಗೆ ಕೈ ಸಡಿಲ ಬಿಡು ಎಂದು ಹತ್ತು ಸಲ ಹೇಳಿದರೂ ಪ್ರಯೋಜನವಿಲ್ಲ, ಏಕೆಂದರೆ ಸಡಿಲ ಬಿಟ್ಟರೆ ಕಮಾನು ನಿಜವಾಗಿಯೂ ಕೆಳಗೆ ಬೀಳುತ್ತದೆ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಪಾಲ್ ರೋಲಂಡ್ (1911–1978) 1960ರ ದಶಕದಲ್ಲಿ ಮಕ್ಕಳ ತಂತಿವಾದ್ಯ ಶಿಕ್ಷಣದ ಕುರಿತು ಅಲ್ಲಿ ನಡೆಸಿದ ಸಂಶೋಧನಾ ಯೋಜನೆಯಿಂದ ಹೊರಬಂದ ಪರಿಹಾರಗಳಲ್ಲಿ ಇದಕ್ಕೂ ಒಂದು ದಾರಿ ಇದೆ: ಆರಂಭದಲ್ಲಿ ಕಮಾನನ್ನು ಬುಡದಲ್ಲಿ ಹಿಡಿಯದೆ ಅದು ಸಮತೂಗುವ ಜಾಗದಲ್ಲಿ ಹಿಡಿಸಿ, ನಡುಭಾಗದಲ್ಲೇ ಗಿಡ್ಡ ಗಿಡ್ಡ ಎಳೆತಗಳನ್ನು ಕಲಿಸುವುದು. ಕೋಲು ಭಾರವೆನಿಸದಾಗ ಹೆಬ್ಬೆರಳು ತಾನಾಗಿ ಮಣಿಯುತ್ತದೆ, ತೋಳಿನ ತೂಕ ತಂತಿಗೆ ಇಳಿಯುತ್ತದೆ, ಮೊದಲ ದಿನವೇ ತುಂಬು ನಾದವೊಂದು ಕೋಣೆಯಲ್ಲಿ ಕೇಳಿಸುತ್ತದೆ. ಆಗ ಮಗು ಗುರುವಿನ ಮುಖ ನೋಡುತ್ತದೆ. ಆ ನೋಟಕ್ಕೆ ಸಿಗುವ ಉತ್ತರ ಮುಂದಿನ ಹತ್ತು ಪಾಠಗಳನ್ನು ನಡೆಸುತ್ತದೆ.

ವಾದ್ಯದ ಗಾತ್ರದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಹದಿನಾರನೇ ಒಂದು, ಎಂಟನೇ ಒಂದು, ಕಾಲು, ಅರ್ಧ, ಮುಕ್ಕಾಲು ಎಂಬ ಅಳತೆಗಳಲ್ಲಿ ಪುಟ್ಟ ಪಿಟೀಲುಗಳು ದೊರೆಯುತ್ತಿದ್ದರೂ, ಬೆಳೆಯುವ ಮಗುವಿಗೆ ಮತ್ತೆ ಮತ್ತೆ ಕೊಳ್ಳುವುದೇಕೆ ಎಂಬ ಲೆಕ್ಕಾಚಾರದಲ್ಲಿ ಪೂರ್ಣ ಅಳತೆಯದನ್ನೇ ತಂದುಕೊಡುವ ಮನೆಗಳು ಕಡಿಮೆಯಿಲ್ಲ. ಕರ್ನಾಟಕ ಸಂಗೀತದಲ್ಲಿ ವಾದಕರು ನೆಲದ ಮೇಲೆ ಕುಳಿತು ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಬಳಿ ಊರಿ, ಬುಡವನ್ನು ಎಡ ಎದೆಗೆ ಆನಿಸಿಕೊಳ್ಳುತ್ತಾರೆ. ಈ ಭಂಗಿಯಲ್ಲಿ ವಾದ್ಯದ ಭಾರವನ್ನು ಎಡಗೈ ಹೊರಬೇಕಾಗಿಲ್ಲದ ಕಾರಣ ಬೆರಳುಗಳು ತಂತಿಯ ಉದ್ದಕ್ಕೂ ಜಾರಿ ಗಮಕವನ್ನು, ಅಂದರೆ ಸ್ವರದ ಓಲಾಟವನ್ನು, ನುಡಿಸಬಲ್ಲವು. ಆದರೆ ವಾದ್ಯ ಉದ್ದವಾಗಿ ಮಗುವಿನ ಕಾಲು ಗಿಡ್ಡವಾಗಿದ್ದರೆ ಮಗು ಪಾದವನ್ನು ಮುಂದಕ್ಕೆ ಚಾಚಿ, ಬೆನ್ನನ್ನು ಬಾಗಿಸಿ ಕೂರಬೇಕಾಗುತ್ತದೆ, ಭಂಗಿಯ ಅನುಕೂಲವೆಲ್ಲ ಅಲ್ಲಿಗೆ ಮುಗಿಯುತ್ತದೆ. ವಾದ್ಯವನ್ನು ಮನುಷ್ಯನಿಗೆ ಹೊಂದಿಸುವುದು ಈ ಪರಂಪರೆಗೆ ಹೊಸದೂ ಅಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರಂಥವರಿಂದಾಗಿ ಐರೋಪ್ಯ ಪಿಟೀಲು ದಕ್ಷಿಣದ ಸಂಗೀತಕ್ಕೆ ಒಗ್ಗಿದಾಗ ಅದರ ಭಂಗಿಯೂ ಶ್ರುತಿಯೂ ಬದಲಾದವು, ತಿರುಮಕೂಡಲಿನ ಟಿ. ಚೌಡಯ್ಯನವರು ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ನಾದ ಹಿಂದಿನ ಸಾಲಿನವರೆಗೂ ತಲುಪಲೆಂದು ನಾಲ್ಕು ತಂತಿಗಳಿಗೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರು. ಕೇಳುಗರಿಗಾಗಿ ಅಷ್ಟು ಮಾಡಿದ ನಾಡಿನಲ್ಲಿ ಮಗುವಿಗಾಗಿ ಕಾಲು ಅಳತೆಯ ಪಿಟೀಲನ್ನು ಹುಡುಕಿ ತರುವುದು ದೊಡ್ಡ ಮಾತಲ್ಲ.

ಎಳೆಯರ ಸಂಗೀತ ಶಿಕ್ಷಣದ ಬಗ್ಗೆ ಇಡೀ ಜಗತ್ತಿನ ಕಲ್ಪನೆಯನ್ನು ಬದಲಿಸಿದವರು ಜಪಾನಿನ ಶಿನಿಚಿ ಸುಜುಕಿ (1898–1998). ನಗೋಯಾದಲ್ಲಿ ಪಿಟೀಲು ಕಾರ್ಖಾನೆ ನಡೆಸುತ್ತಿದ್ದವರ ಮಗನಾಗಿದ್ದರೂ ಅವರು ಪಿಟೀಲು ನುಡಿಸಲು ತೊಡಗಿದ್ದು ಹದಿಹರೆಯದಲ್ಲಿ. ಮುಂದೆ ಬರ್ಲಿನ್ನಿಗೆ ಹೋಗಿ ಕಾರ್ಲ್ ಕ್ಲಿಂಗ್ಲರ್ ಅವರ ಬಳಿ ಕಲಿತರು. ಜಪಾನಿನ ಮಕ್ಕಳೆಲ್ಲರೂ ಜಪಾನೀ ಭಾಷೆಯನ್ನು, ಅದರಲ್ಲೂ ತಮ್ಮ ತಮ್ಮ ಊರಿನ ಆಡುನುಡಿಯನ್ನು, ಯಾವ ಆಯ್ಕೆ ಪರೀಕ್ಷೆಯೂ ಇಲ್ಲದೆ ಸಲೀಸಾಗಿ ಕಲಿಯುತ್ತಾರೆ ಎಂಬ ಎಲ್ಲರಿಗೂ ಗೊತ್ತಿದ್ದ ಸಂಗತಿಯಿಂದ ಅವರು ಯಾರೂ ತೆಗೆಯದ ತೀರ್ಮಾನವೊಂದನ್ನು ತೆಗೆದರು: ಇಷ್ಟು ಕಠಿಣವಾದದ್ದನ್ನು ಪ್ರತಿ ಮಗುವೂ ಕಲಿಯಬಲ್ಲದಾದರೆ ಪ್ರತಿಭೆ ಹುಟ್ಟಿನಿಂದ ಬರುವ ವರವಲ್ಲ, ಪರಿಸರ ಬೆಳೆಸುವ ಸಾಮರ್ಥ್ಯ. ಯುದ್ಧದಲ್ಲಿ ಸೋತು ಬಡವಾಗಿದ್ದ ದೇಶದಲ್ಲಿ, 1946ರಲ್ಲಿ, ಬೆಟ್ಟಗಳ ನಡುವಿನ ಮತ್ಸುಮೊಟೊ ಪಟ್ಟಣದಲ್ಲಿ ಅವರು ಪಾಠ ಆರಂಭಿಸಿದರು. ಮಗು ಪಿಟೀಲು ಮುಟ್ಟುವುದಕ್ಕೆ ಮೊದಲೇ ಮನೆಯಲ್ಲಿ ಪಾಠದ ರಚನೆಗಳ ಧ್ವನಿಮುದ್ರಿಕೆ ದಿನವೂ ಕೇಳಿಸುತ್ತಿರಬೇಕು. ತಾಯಿ ಅಥವಾ ತಂದೆ ಮೊದಲು ಒಂದು ಮಟ್ಟನ್ನು ಕಲಿಯಬೇಕು, ಅವರು ನುಡಿಸುವುದನ್ನು ಕಂಡು ತನಗೂ ಬೇಕೆಂದು ಮಗು ಕೈ ಚಾಚಬೇಕು. ಒಂದು ರಚನೆ ಬಂದ ಮೇಲೆ ಅದನ್ನು ಮರೆಯದೆ, ಹೊಸದರ ಜೊತೆಗೆ ದಿನವೂ ನುಡಿಸುತ್ತ, ಹಳೆಯದು ಸುಲಭವಾದಷ್ಟೂ ಅದರ ನಾದವನ್ನು ಇನ್ನೂ ಚೆಂದ ಮಾಡಬೇಕು. ಬಿಡಿ ಪಾಠದ ಜೊತೆಗೆ ಎಲ್ಲರೂ ಕೂಡಿ ನುಡಿಸುವ ಪಾಠವೂ ಇರಬೇಕು. 1964ರಲ್ಲಿ ಹತ್ತು ಮಕ್ಕಳ ತಂಡವೊಂದು ಅವರೊಡನೆ ಅಮೆರಿಕದಲ್ಲಿ ಸಂಚರಿಸಿ ನುಡಿಸಿದ ಮೇಲೆ ಈ ಕ್ರಮ ಅಲ್ಲಿಯೂ ಬೇರೂರಿತು. ಅದರಲ್ಲಿ ದೊಡ್ಡದೆಂದು ಎಣಿಸಬೇಕಾದದ್ದು ಪುಟ್ಟ ಮಕ್ಕಳ ವಾದನಸಾಮರ್ಥ್ಯಕ್ಕಿಂತ ಹೆಚ್ಚಾಗಿ ಆಯ್ಕೆಯನ್ನೇ ನಿರಾಕರಿಸಿದ ನಿಲುವು: ಬಂದ ಮಗುವಿಗೆಲ್ಲ ಕಲಿಸುತ್ತೇವೆ, ಬಾರದಿದ್ದರೆ ತಪ್ಪು ಕಲಿಸಿದ ಕ್ರಮದ್ದು.

ಸುಜುಕಿ ಕ್ರಮದಲ್ಲಿ ಕೊರತೆಗಳಿಲ್ಲವೆಂದಲ್ಲ. ಸ್ವರಲಿಪಿಯ ಓದನ್ನು ತಡವಾಗಿ ತರುವುದರಿಂದ ಕೆಲವು ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರೆಂಬ ಟೀಕೆ ಬಹುಕಾಲದಿಂದ ಇದೆ. ಹಂಗೆರಿಯಿಂದ ಫಿನ್ಲೆಂಡಿಗೆ ಹೋಗಿ ನೆಲೆಸಿದ ಗೇಜಾ ಸಿಲ್ವಾಯ್, ಚಾಬಾ ಸಿಲ್ವಾಯ್ ಸೋದರರು ಇದಕ್ಕೆ ಬೇರೆ ದಾರಿ ಹಿಡಿದು, ಪಿಟೀಲಿನ ನಾಲ್ಕು ತಂತಿಗಳಿಗೆ ಹಸಿರು, ಕೆಂಪು, ನೀಲಿ, ಹಳದಿ ಬಣ್ಣಗಳನ್ನು ಕೊಟ್ಟು, ದಪ್ಪ ತಂತಿ ಕರಡಿಯ ದನಿ, ಸಣ್ಣ ತಂತಿ ಹಕ್ಕಿಯ ದನಿ ಎಂದು ಚಿತ್ರ ಬರೆದು ತೋರಿಸಿ, ಅಕ್ಷರವೇ ಬಾರದ ಮಗುವಿಗೂ ಸಂಗೀತದ ಬರಹವನ್ನು ಮೊದಲಿನಿಂದಲೇ ಓದಿಸಿದರು. ಅವರ ಬೆನ್ನಿಗಿದ್ದದ್ದು ಹಂಗೆರಿಯ ಸಂಗೀತ ರಚನೆಕಾರ ಜೋಲ್ಟಾನ್ ಕೊಡಾಯ್ ಅವರ ಚಿಂತನೆ, ಅಂದರೆ ಮೊದಲು ಕಂಠ, ಆಮೇಲೆ ವಾದ್ಯ. ಕರ್ನಾಟಕ ಸಂಗೀತದವರಿಗೆ ಇದು ಪರಕೀಯವಲ್ಲ. ಹಾಡಲು ಬಾರದ್ದನ್ನು ನುಡಿಸಲು ಬಾರದು ಎಂಬುದು ಇಲ್ಲಿಯ ಪ್ರತಿ ಗುರುವಿನ ಬಾಯಲ್ಲೂ ಇದೆ.

ಹಾಗಾದರೆ ಪುರಂದರದಾಸರ ಹೆಸರಿನಲ್ಲಿ ಬಂದಿರುವ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳೆಂಬ ಆರಂಭದ ಸ್ವರಾಭ್ಯಾಸಗಳ ಕ್ರಮವನ್ನು ಬದಿಗಿಡಬೇಕೇ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಬದಿಗಿಡುವುದು ದೊಡ್ಡ ನಷ್ಟ, ಏಕೆಂದರೆ ಪಿಟೀಲಿನ ಮಟ್ಟಿಗಂತೂ ಆ ಕ್ರಮ ಮಗುವಿನ ಬೆರಳನ್ನು ಅರಿತು ರಚಿಸಿದಂತಿದೆ. ಸರಳೆ ವರಸೆಯನ್ನು ಕಲಿಸುವುದು ಮಾಯಾಮಾಳವಗೌಳ ರಾಗದಲ್ಲಿ. ಅದರ ಪೂರ್ವಾಂಗದಲ್ಲಿ, ಅಂದರೆ ಷಡ್ಜದಿಂದ ಮಧ್ಯಮದವರೆಗಿನ ಭಾಗದಲ್ಲಿ, ಮೊದಲು ಅರ್ಧ ಸ್ವರದ, ಬಳಿಕ ಒಂದೂವರೆ ಸ್ವರದ, ಮತ್ತೆ ಅರ್ಧ ಸ್ವರದ ಅಂತರ ಬರುತ್ತದೆ. ಪಂಚಮದಿಂದ ಮೇಲಿನ ಷಡ್ಜದವರೆಗಿನ ಉತ್ತರಾಂಗದಲ್ಲಿಯೂ ಅದೇ ಅಂತರಗಳು ಅದೇ ಸರದಿಯಲ್ಲಿ ಮರುಕಳಿಸುತ್ತವೆ. ಪಿಟೀಲಿನ ತಂತಿಗಳನ್ನು ಷಡ್ಜ, ಪಂಚಮ, ಷಡ್ಜ, ಪಂಚಮ ಎಂದು ಶ್ರುತಿ ಮಾಡಿರುವುದರಿಂದ ಷಡ್ಜದ ತಂತಿಯ ಮೇಲೆ ಬೆರಳುಗಳು ಕಲಿತ ಅದೇ ವಿನ್ಯಾಸ ಪಕ್ಕದ ಪಂಚಮದ ತಂತಿಯ ಮೇಲೂ ಕೂರುತ್ತದೆ, ಅರ್ಧ ಕಲಿತ ಮಗುವಿಗೆ ಉಳಿದರ್ಧ ಬಂದಂತೆಯೇ ಸರಿ. ಮುಂದೆ ಬರುವ ಮೊದಲ ಹಾಡುಗಳಾದ ಪಿಳ್ಳಾರಿ ಗೀತೆಗಳ ಮಲಹರಿ ರಾಗ ಮಾಯಾಮಾಳವಗೌಳದ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ನಿಷಾದವನ್ನು ಬಿಟ್ಟ ಆ ರಾಗದಲ್ಲಿ ಮಗುವಿಗೆ ಹೊಸದಾದ ಸ್ವರಸ್ಥಾನ ಒಂದೂ ಇಲ್ಲ. ಬೇಸರ ಹುಟ್ಟುವುದು ಈ ಕ್ರಮದಿಂದಲ್ಲ, ಅದರ ಮೇಲೆ ಹೇರಿದ ವಿಳಂಬದಿಂದ: ಮೂರು ಕಾಲಗಳಲ್ಲಿಯೂ, ಅಂದರೆ ಮೂರು ವೇಗಗಳಲ್ಲಿಯೂ, ತಪ್ಪಿಲ್ಲದೆ ಬಂದ ಹೊರತು ಮುಂದಿನ ವರಸೆಯಿಲ್ಲ, ಅಲಂಕಾರಗಳು ಮುಗಿದ ಹೊರತು ಗೀತೆಯಿಲ್ಲ ಎಂಬ ಕಟ್ಟಳೆ ಮಗುವನ್ನು ತಿಂಗಳುಗಟ್ಟಲೆ ಹಾಡಿಲ್ಲದ ಜಾಗದಲ್ಲಿ ನಿಲ್ಲಿಸುತ್ತದೆ. ನಾಲ್ಕು ಸ್ವರ ಕೈಗೆ ಬಂದ ವಾರದಲ್ಲೇ ಆ ನಾಲ್ಕರಲ್ಲೇ ಅಡಗುವ ಪುಟ್ಟ ಮಟ್ಟೊಂದನ್ನು ಗುರು ತಾನೇ ಕಟ್ಟಿಕೊಡಬಹುದು, ಮಗು ಕಟ್ಟಿದರೆ ಇನ್ನೂ ಒಳ್ಳೆಯದು. ಸ್ವರಗಳ ನಡುವೆ ಬೆರಳನ್ನು ಜಾರಿಸುವ ಜಾರುವನ್ನೂ ಆಟವಾಗಿ ಮೊದಲ ವಾರದಿಂದಲೇ ಆಡಿಸಬಹುದು. ಎಡಗೈ ಒಂದೇ ಜಾಗಕ್ಕೆ ಅಂಟಿಕೊಳ್ಳದಂತೆ ಆರಂಭದಿಂದಲೇ ತಂತಿಯುದ್ದಕ್ಕೂ ಓಡಾಡಿಸಬೇಕೆಂದು ರೋಲಂಡ್ ಕೂಡ ಹೇಳಿದ್ದರು.

ವೀಣೆಯ ಮಾತು ತುಸು ಬೇರೆ. ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳು ಸ್ವರದ ಜಾಗವನ್ನು ತೋರಿಸಿಕೊಡುವುದರಿಂದ ಸ್ಥಾನ ಹುಡುಕುವ ಕಷ್ಟ ಅಲ್ಲಿಲ್ಲ. ಆದರೆ ತಂತಿಯನ್ನು ಲೋಹದ ಮೆಟ್ಟಿಲಿಗೆ ಒತ್ತುವಾಗ ಎಳೆಯ ಬೆರಳ ತುದಿ ನೋಯುತ್ತದೆ, ದಂಡಿಯ ಉದ್ದಕ್ಕೆ ಕೈ ಎಟುಕುವುದಿಲ್ಲ. ಅಂಥ ಮಗು ಬಲಗೈಯಿಂದ ಬಿಡಿ ತಂತಿಯನ್ನು ಮೀಟುತ್ತ, ಪಕ್ಕದ ಮೂರು ತಾಳದ ತಂತಿಗಳಲ್ಲಿ ಲಯ ಹಿಡಿಯುತ್ತ ವರಸೆಯನ್ನು ಬಾಯಲ್ಲಿ ಹಾಡಿದರೂ ಅದು ವೀಣೆಯ ಪಾಠವೇ. ನವರಾತ್ರಿಯಲ್ಲಿ ಪೂಜೆಗೊಳ್ಳುವ ವಾದ್ಯ ಉಳಿದ ದಿನಗಳಲ್ಲಿ ಹೊದಿಕೆಯೊಳಗೆ, ಮುಟ್ಟಬೇಡ ಎಂಬ ಗದರಿಕೆಯೊಳಗೆ ಇರುವ ಮನೆಯಲ್ಲಿ ಭಕ್ತಿ ಬೆಳೆದರೂ ಸಲಿಗೆ ಬೆಳೆಯುವುದಿಲ್ಲ, ಸಲಿಗೆಯಿಲ್ಲದೆ ವಾದ್ಯ ಒಲಿಯುವುದಿಲ್ಲ. ಅಜ್ಜಿ ಕಣ್ಣಿಗೊತ್ತಿಕೊಂಡ ವೀಣೆಯನ್ನು ಮೊಮ್ಮಗಳು ಅದೇ ಸಂಜೆ ಮೀಟುವಂತಾಗಲು ಗುರು ಮನೆಯವರೊಂದಿಗೂ ಮಾತನಾಡಬೇಕಾಗುತ್ತದೆ. ದಿನಕ್ಕೆ ಎರಡು ಮೂರು ಬಾರಿ ಹತ್ತು ಹತ್ತು ನಿಮಿಷದ ಅಭ್ಯಾಸ ಸಾಕು, ಒಂದೇ ಸಮನೆ ಒಂದು ಗಂಟೆ ಬೇಡ, ಸಂಗೀತದ ಜೂನಿಯರ್ ಪರೀಕ್ಷೆಯ ವರ್ಷವನ್ನು ಮಗುವಿನ ಬೆರಳು ನಿರ್ಧರಿಸಲಿ ಎಂಬುದನ್ನು ಪೋಷಕರಿಗೆ ಮೃದುವಾಗಿ, ಆದರೆ ಖಚಿತವಾಗಿ ಹೇಳಬೇಕಾದವರೂ ಗುರುವೇ.

ಇಂದು ಪದವಿ ಪಡೆಯುತ್ತಿರುವವರಲ್ಲಿ ಕೆಲವರಾದರೂ ಸರ್ಕಾರಿ ಶಾಲೆಗಳತ್ತ ಹೋಗಬೇಕೆಂಬುದು ಈ ಭಾಷಣದ ನೇರ ಕೋರಿಕೆ. ಶುಲ್ಕ ಕೊಟ್ಟು ಮೇಷ್ಟ್ರ ಮನೆಗೆ ಬರಲಾಗದ ಮಕ್ಕಳ ಕಿವಿಯೂ ಅಷ್ಟೇ ಚುರುಕು. ನಲವತ್ತು ಮಕ್ಕಳಿಗೆ ಹನ್ನೆರಡೇ ಪಿಟೀಲುಗಳಿದ್ದರೂ ಪಾಠ ನಡೆಯುತ್ತದೆ: ಹನ್ನೆರಡು ಮಂದಿ ನುಡಿಸುವಾಗ ಉಳಿದವರು ಅದೇ ವರಸೆಯನ್ನು ಹಾಡುತ್ತಾರೆ, ತಾಳ ಹಾಕುತ್ತಾರೆ, ಸರದಿಗಾಗಿ ಕಾಯುವ ಹೊತ್ತಿನಲ್ಲಿ ಕಿವಿಯಿಂದ ಅರ್ಧ ಕಲಿತೇಬಿಟ್ಟಿರುತ್ತಾರೆ. ಅಲ್ಲಿ ಗುರುವಿಗೆ ಬೀಳುವ ಹೆಚ್ಚಿನ ಕೆಲಸ ವಾದ್ಯಗಳ ಆರೈಕೆಯದು. ಬೇಸಿಗೆಯಲ್ಲಿ ಮರ ಒಣಗಿ ಬಿರಡೆಗಳು ಜಾರುತ್ತವೆ, ಮಳೆಗಾಲದಲ್ಲಿ ಉಬ್ಬಿ ತಿರುಗದಂತಾಗುತ್ತವೆ. ಶ್ರುತಿ ತಪ್ಪಿದ ಪಿಟೀಲಿನ ಮೇಲೆ ಮಗು ಸರಿಯಾದ ಜಾಗದಲ್ಲಿ ಬೆರಳಿಟ್ಟರೂ ತಪ್ಪು ಸ್ವರವೇ ಕೇಳಿಸುವುದರಿಂದ ಅದು ತನ್ನ ಕಿವಿಯನ್ನೇ ಅನುಮಾನಿಸತೊಡಗುತ್ತದೆ. ಆದ್ದರಿಂದ ಮಕ್ಕಳು ಬರುವುದಕ್ಕೆ ಅರ್ಧ ಗಂಟೆ ಮೊದಲೇ ಬಂದು, ಜಾರುವ ಬಿರಡೆಗೆ ಸೀಮೆಸುಣ್ಣ ಸವರಿ, ಸವೆದ ತಂತಿಯನ್ನು ಬದಲಿಸಿ, ಕಮಾನುಗಳಿಗೆ ರಾಳ ಹಚ್ಚಿ, ಹನ್ನೆರಡು ಪಿಟೀಲುಗಳನ್ನೂ ಒಂದೇ ಷಡ್ಜಕ್ಕೆ ಕೂಡಿಸಿಡುವುದು ಆ ದಿನದ ಪಾಠದ ಮೊದಲ ಭಾಗ.