ಕಾಯಕದ ಲೆಕ್ಕವೂ ಮನೆಯ ಧೈರ್ಯವೂ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದುವು. ಜಿಲ್ಲೆಯ ಹೆಸರು ಬದಲಾದರೂ ಈ ಸೀಮೆಯ ಬಹುಮಂದಿ ರೈತರು ಇಂದಿಗೂ ಮುಗಿಲನ್ನು ನೋಡಿಯೇ ಬಿತ್ತತಕ್ಕವರು. ಮಳೆಯನ್ನು ನಂಬಿದ ಹೊಲದವನಿಗೆ ಹಣವು ಸುಗ್ಗಿಯಲ್ಲಿ ಮಾತ್ರ ಬರುವುದು. ಖರ್ಚಾದರೋ ದಿನವೂ ಬರುವುದು. ಹಡಗಲಿಯ ಮಲ್ಲಿಗೆ ಬೆಳೆಗಾರನಿಗೆ ಹೂವಿನ ಕಾಲದಲ್ಲಿ ದಿನದಿನವೂ ಕಾಸು ಕಾಣುವುದು, ಕಾಲ ಮುಗಿದೊಡನೆ ನಿಲ್ಲುವುದು. ಕೂಲಿಯವನಿಗೆ ವಾರದ ಸಂತೆಯೇ ಗಡುವು. ಈ ಮೂವರಿಗೂ ಒಂದೇ ಬುದ್ಧಿವಾದವನ್ನು ಹೇಳುವವನು ಹಿತಚಿಂತಕನಲ್ಲ. ಅವರವರ ಆದಾಯದ ಕಾಲವನ್ನೂ ವೆಚ್ಚದ ಕಾಲವನ್ನೂ ಮೊದಲು ಕೇಳಿ ತಿಳಿದು, ಬಳಿಕ ಹಿತವನ್ನು ನುಡಿಯತಕ್ಕುದು.

ಹೆಚ್ಚು ಹಣವೇ ಮನೆಗೆ ಧೈರ್ಯವೆಂದು ಜನರು ನಂಬಿರುವರು. ಅದು ಅರ್ಧ ನಿಜ. ಲೆಕ್ಕವರಿಯದ ಮನೆಯಲ್ಲಿ ಹೆಚ್ಚು ಹಣವಿದ್ದರೂ ಹೆದರಿಕೆ ಹೋಗದು. 50,000 ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ 3ರಂತೆ ಬಡ್ಡಿಯಾದರೆ ವರ್ಷಕ್ಕೆ 18,000 ರೂಪಾಯಿ. ನೂರಕ್ಕೆ 1ರಂತಾದರೆ 6,000. ಮೂರೆಂಬುದು ಕೇಳುವುದಕ್ಕೆ ಸಣ್ಣ ಮಾತು. ಮೂರು ವರ್ಷಗಳಲ್ಲಿ ಬಡ್ಡಿಯೇ ಅಸಲನ್ನು ಮೀರುವುದು. ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಈ ಎಣಿಕೆಯನ್ನು ಮಾಡಿಸುವವನೇ ನಿಜವಾದ ಮಾರ್ಗದರ್ಶಿ. ಆದರೆ ಎಣಿಸತಕ್ಕವರು ಆ ಮನೆಯವರೇ. ಬೇರೊಬ್ಬನು ಎಣಿಸಿಕೊಟ್ಟರೆ ಮರುವರ್ಷವೂ ಅವನ ಬಾಗಿಲನ್ನೇ ಕಾಯಬೇಕಾಗುವುದು.

ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಸರ್ವರೂ ಬಲ್ಲರು. ಪತಿಯಾದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರಲು, ಅದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಹಾಗಾದರೆ ಉಳಿತಾಯವೇ ತಪ್ಪೋ ಎಂದು ಯಾರಾದರೂ ಕೇಳಬಹುದು. ತಪ್ಪಲ್ಲ. ಆಕೆ ನಿರಾಕರಿಸಿದುದು ಅಳತೆ ಮೀರಿದ ಆಸೆಯನ್ನು. ರೈತನು ತನ್ನ ಬೆವರಿನ ಜೋಳದಲ್ಲಿ ಬಿತ್ತನೆಗೆಂದು ತೆಗೆದಿಡುವ ಕಾಳು ಆಸೆಯಲ್ಲ. ಬರುವ ವರ್ಷದ ಕಾಯಕಕ್ಕೆ ಅದೇ ಮೂಲಧನ. ಅಲ್ಲದೆ, ಇಷ್ಟು ಸಾಕೆಂದು ಲಕ್ಕಮ್ಮನು ಹೇಳಬಲ್ಲವಳಾದುದು ತನ್ನ ಮನೆಯ ಅಳತೆಯನ್ನು ಆಕೆ ಅರಿತಿದ್ದುದರಿಂದ.

ಒಬ್ಬಂಟಿಗನ ಉಳಿತಾಯವು ಒಂದೇ ಬರಗಾಲಕ್ಕೆ ಕರಗಬಹುದು. ಕೂಡಿದವರ ಉಳಿತಾಯಕ್ಕೆ ಬಲ ಹೆಚ್ಚು. ತುಂಗಭದ್ರೆಯ ಆಚೆ, ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿ ಈ ದಾರಿಯನ್ನು ತೋರಿದರು. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿತು. ಬಳಿಕ ಅದು ಇತರ ಗ್ರಾಮೀಣ ಬ್ಯಾಂಕುಗಳೊಡನೆ ಒಂದಾಯಿತು. 1992ರಲ್ಲಿ ನಬಾರ್ಡು ಸಂಸ್ಥೆಯು ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯವನ್ನಾರಂಭಿಸಿತು. ಇಂತಹ ಗುಂಪಿನಲ್ಲಿ ಹತ್ತಿಪ್ಪತ್ತು ಮಂದಿ ಸ್ತ್ರೀಯರು ವಾರವಾರವೂ ಕಾಸು ಕೂಡಿಸಿ, ಕೊಟ್ಟುದನ್ನೂ ಕೊಂಡುದನ್ನೂ ಎಲ್ಲರೆದುರಿಗೆ ಬರೆಯಿಸುವರು. ಮನೆಯವರಿಗೂ ತಿಳಿಯದಂತೆ ಮುಚ್ಚಿಟ್ಟ ಸಾಲವು ಬೆಳೆಯುವಂತೆ ಈ ಸಾಲವು ಬೆಳೆಯಲಾರದು.

ಮಠಗಳೂ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಜಾತ್ರೆಗೆಂದೂ ಮದುವೆಗೆಂದೂ ಕಾಣಿಕೆಗೆಂದೂ ಸಾಲ ತರುವುದು ದಾಸೋಹವಲ್ಲ. ದಾಸೋಹವು ಕಾಯಕದ ಫಲದಿಂದ ಆಗತಕ್ಕುದು. ಇನ್ನೂ ದುಡಿಯದ ವರ್ಷದ ಫಲವನ್ನು ಅಡವಿಟ್ಟು ಮಾಡಿದುದು ಆಡಂಬರವೇ ಸರಿ. ಸಾಲದ ಹಣವನ್ನು ಕಾಣಿಕೆಯಾಗಿ ತಂದ ಭಕ್ತನಿಗೆ ಅದನ್ನು ಹಿಂದಿರುಗಿಸಿ, “ಮೊದಲು ಬಡ್ಡಿ ತೀರಿಸಪ್ಪಾ” ಎಂದು ಹೇಳುವುದೂ ಗುರುಕಾರ್ಯವೇ.

ಈ ಮಹೋತ್ಸವದ ನೆನಪಿಗಾಗಿ ಮನೆಮನೆಯಲ್ಲಿಯೂ ಒಂದು ಲೆಕ್ಕದ ಪುಸ್ತಕವು ಆರಂಭವಾಗಲಿ. ಯಜಮಾನನೂ ಯಜಮಾನಿಯೂ ಕೂಡಿ ಕುಳಿತು ಬರೆಯಲಿ. ಮೊದಲನೆಯ ಪುಟದಲ್ಲಿ, ನಾಚದೆ, ಇರುವ ಸಾಲವನ್ನೇ ಬರೆಯಲಿ. ಸರ್ವರಿಗೂ ಮಂಗಳವಾಗಲಿ.